ಕಿಡಿ ಹಾರಬಾರದ ಪಂಪು: ಮರ್ಮಗೋವಾದ ನಾಫ್ತಾ ಮತ್ತು ನಮ್ಮ ಮನೆಯ ಹಿತ್ತಾಳೆ ಸುತ್ತಿಗೆ

ನಮ್ಮ ಮನೆಯ ಅಟ್ಟದಲ್ಲಿ ಒಂದು ಸುತ್ತಿಗೆ ಇದೆ. ನೋಡಲಿಕ್ಕೆ ಹಿತ್ತಾಳೆಯ ಹಾಗೆ ಹಳದಿ ಬಣ್ಣ. ಮಾಮ ಗೋವಾದ ಕೆಲಸ ಬಿಟ್ಟು ಗಲ್ಫಿಗೆ ಹೋಗುವ ಮೊದಲು ತಂದು ಇಟ್ಟದ್ದು. ಅದನ್ನು ಮೊದಲ ಸಲ ನೋಡಿದಾಗ ಉಮ್ಮ ನಕ್ಕಿದ್ದರು: "ಇದೆಂಥದು, ಮದುವೆಗೆ ಉಡುಗೊರೆ ಕೊಡ್ಲಿಕ್ಕಾ?" ಒಂದು ದಿನ ಅದರಲ್ಲಿ ತೆಂಗಿನಕಾಯಿ ಒಡೆದು ನೋಡಿದರು. ಕಾಯಿ ಒಡೆಯಿತು, ಆದರೆ ಸುತ್ತಿಗೆಯ ಮುಖ ಸ್ವಲ್ಪ ತಗ್ಗಿತು. ಕಬ್ಬಿಣಕ್ಕಿಂತ ಮೆತ್ತಗಿನ ಲೋಹ. ಮೆತ್ತಗಿರುವುದೇ ಅದರ ಕೆಲಸ ಎಂದು ಆಗ ನಮಗೆ ಗೊತ್ತಿರಲಿಲ್ಲ.

ಮಾಮ ಪಂಪು ಫಿಟ್ಟರ್. ಊರಲ್ಲಿ ಯಾರಾದರೂ ಕೇಳಿದರೆ ನಾವು "ಪ್ಲಾಂಟಲ್ಲಿ ಕೆಲಸ" ಎಂದು ಹೇಳಿ ಮುಗಿಸುತ್ತಿದ್ದೆವು. ನಮ್ಮ ಎಷ್ಟೋ ಬ್ಯಾರಿ ಮನೆಗಳಲ್ಲಿ ಈ ಎರಡು ಪದ ಇದೆ. ಪಣಂಬೂರು, ಬೈಕಂಪಾಡಿ, ವಾಸ್ಕೋ, ಜುಬೈಲ್, ರುವೈಸ್, ಎಲ್ಲಿ ಹೋದರೂ "ಪ್ಲಾಂಟಲ್ಲಿ ಕೆಲಸ". ಒಳಗೆ ಏನು ಕೆಲಸ, ಅಲ್ಲಿ ಯಾಕೆ ಮೊಬೈಲ್ ಬಿಡುವುದಿಲ್ಲ, ಯಾಕೆ ಗೇಟಲ್ಲಿ ಬೆಂಕಿಪೆಟ್ಟಿಗೆ ಕಿತ್ತುಕೊಳ್ಳುತ್ತಾರೆ, ಕೆಲವು ಕಡೆ ಯಾಕೆ ಕಬ್ಬಿಣದ ಸುತ್ತಿಗೆಯನ್ನೂ ಒಳಗೆ ಬಿಡುವುದಿಲ್ಲ ಎಂದು ಮನೆಯವರು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ನನಗೆ ಈ ಪ್ರಶ್ನೆಗಳು ಬಂದದ್ದು 2019ರ ಅಕ್ಟೋಬರಿನಲ್ಲಿ, ಗೋವಾದಲ್ಲಿ ಒಂದು ಹಡಗು ದಡಕ್ಕೆ ಬಂದು ಕೂತಾಗ.

ಹಡಗಿನ ಹೆಸರು 'ನು ಶಿ ನಳಿನಿ'. ಅದಕ್ಕೂ ಮೊದಲು, 2018ರ ಜೂನಿನಲ್ಲಿ, ಕೊಚ್ಚಿಯ ಆಚೆ ಸಮುದ್ರದಲ್ಲಿ ಅದರ ಎಂಜಿನ್ ಕೋಣೆಗೆ ಬೆಂಕಿ ಬಿದ್ದಿತ್ತು. ಆಮೇಲೆ ಕೆಟ್ಟು ನಿಂತ ಸ್ಥಿತಿಯಲ್ಲೇ ಅದು ಮರ್ಮಗೋವಾದ ನೀರಿಗೆ ಬಂತು. ಹೊಟ್ಟೆಯೊಳಗೆ ಎರಡು ಸಾವಿರ ಟನ್ನಿಗೂ ಹೆಚ್ಚು ನಾಫ್ತಾ. 2019ರ ಅಕ್ಟೋಬರ್ 24ರಂದು ಅರಬ್ಬಿ ಸಮುದ್ರದಲ್ಲಿ ಗಾಳಿಮಳೆ ಜೋರಾದಾಗ ಹಡಗು ಕಿತ್ತುಕೊಂಡು ತೇಲಿ, ದೋನಾ ಪಾವ್ಲಾದಲ್ಲಿ ರಾಜಭವನದ ಕೆಳಗಿನ ಬಂಡೆಗಳ ಬಳಿ ಸಿಕ್ಕಿಹಾಕಿಕೊಂಡಿತು. ಟಿವಿಯಲ್ಲಿ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಎಣ್ಣೆ ಸೋರಿತಾ, ಮೀನು ಸತ್ತಿತಾ, ಪ್ರವಾಸಿಗರ ಗತಿ ಏನು ಎಂದು. ಗೋವಾದವರಿಗೆ ಆ ಭಯ ಇರುವುದು ಸಹಜ. 2000ದ ಜೂನಿನಲ್ಲಿ ಕಾಂದೋಳಿಯಲ್ಲಿ ಕೂತ 'ರಿವರ್ ಪ್ರಿನ್ಸೆಸ್' ಹಡಗನ್ನು ತೆಗೆಯಲಿಕ್ಕೆ ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು.

ನಾನು ಮಾಮನಿಗೆ ಫೋನು ಮಾಡಿದೆ. ಅವರು ಕೇಳಿದ್ದು ಬೇರೆ ಪ್ರಶ್ನೆ.

"ಹಡಗಿನಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ ಅಂತೆ ಮಾಮ. ಖಾಲಿ ಹಡಗು."

"ಖಾಲಿ ಎಲ್ಲಿ? ನಾಫ್ತಾ ಇದೆಯಲ್ಲ?" ಎಂದರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಾಫ್ತಾ ಎಂದರೆ ಪೆಟ್ರೋಲಿನ ಅಣ್ಣತಮ್ಮ. ಕಚ್ಚಾ ಎಣ್ಣೆಯನ್ನು ಕಾಯಿಸಿ ಬೇರ್ಪಡಿಸುವಾಗ ಸಿಗುವ ತೆಳ್ಳಗಿನ, ನೀರಿನಂಥ ದ್ರವ. ಅದು ತಾನಾಗಿ ಉರಿಯುವುದಿಲ್ಲ, ಅದರ ಆವಿ ಉರಿಯುತ್ತದೆ. ಮೈನಸ್ ಡಿಗ್ರಿಯಲ್ಲೂ ಆವಿ ಏಳುತ್ತಿರುತ್ತದೆ ಎಂದ ಮೇಲೆ ನಮ್ಮ ಕರಾವಳಿಯ ಸೆಖೆಯಲ್ಲಿ ಕೇಳಬೇಕೇ? ಆ ಆವಿ ಗಾಳಿಗಿಂತ ಭಾರ. ಮೇಲಕ್ಕೆ ಹಾರಿಹೋಗುವ ಬದಲು ನೆಲ ಹಿಡಿದು ಹರಿಯುತ್ತದೆ, ಚರಂಡಿಗೆ ಇಳಿಯುತ್ತದೆ, ತಗ್ಗಿನಲ್ಲಿ ಕೂರುತ್ತದೆ. ನೂರು ಪಾಲು ಗಾಳಿಯಲ್ಲಿ ಒಂದು ಪಾಲಿನಷ್ಟು ಆವಿ ಸೇರಿದರೆ ಸಾಕು, ಸ್ಫೋಟಕ್ಕೆ ತಯಾರು. ಏಳೆಂಟು ಪಾಲು ಮೀರಿದರೆ ಗಾಳಿ ಸಾಲದೆ ಉರಿಯುವುದಿಲ್ಲ. ಇವೆರಡರ ನಡುವೆ ಇರುವಾಗ ಸಣ್ಣ ಒಂದು ಕಿಡಿ ಬಿದ್ದರೆ ಕಥೆ ಮುಗಿಯಿತು. ಇಂಥ ಗಾಳಿಗೆ ಕಾನೂನಿನ ಭಾಷೆಯಲ್ಲಿ ಸ್ಫೋಟಕ ವಾತಾವರಣ ಎನ್ನುತ್ತಾರೆ.

ನಿಮ್ಮ ಅಡಿಗೆ ಮನೆಯಲ್ಲೂ ಇದು ಆಗಬಹುದು. ಗ್ಯಾಸ್ ವಾಸನೆ ಬಂದರೆ ಲೈಟಿನ ಸ್ವಿಚ್ ಹಾಕಬೇಡಿ ಎನ್ನುತ್ತಾರಲ್ಲ? ಹಾಕಬೇಡಿ ಮಾತ್ರ ಅಲ್ಲ, ಉರಿಯುತ್ತಿದ್ದರೆ ಆರಿಸಲೂ ಬೇಡಿ. ಹಾಕುವಾಗಲೂ ಆರಿಸುವಾಗಲೂ ಸ್ವಿಚ್ಚಿನ ಒಳಗೆ ಕಣ್ಣಿಗೆ ಕಾಣದ ಕಿಡಿ ಹಾರುತ್ತದೆ. ಕಿಟಕಿ ತೆರೆದು, ರೆಗ್ಯುಲೇಟರ್ ಮುಚ್ಚಿ, ಹೊರಗೆ ಬರಬೇಕು. ಕಾರ್ಖಾನೆಯಲ್ಲಿ ಇಷ್ಟು ಸುಲಭ ಇಲ್ಲ. ಅಲ್ಲಿ ಪಂಪು ದಿನವಿಡೀ ಓಡಲೇಬೇಕು, ಅದರ ಸುತ್ತ ಒಂದಿಷ್ಟು ಆವಿ ಯಾವತ್ತೂ ಇರಬಹುದು ಎಂದೇ ಲೆಕ್ಕ ಹಾಕಿ ಕೆಲಸ ಮಾಡಬೇಕು.

ಪಂಪು ಎಂದರೆ ಕಿಡಿಗಳ ಕಾರ್ಖಾನೆ ಎಂದು ಮಾಮ ಹೇಳುತ್ತಿದ್ದರು. ಮೋಟಾರಿನಲ್ಲಿ ಕರೆಂಟಿನ ಕಿಡಿ. ಬೇರಿಂಗಿಗೆ ಗ್ರೀಸು ಸಾಲದಿದ್ದರೆ ಕೆಂಪಾಗುವಷ್ಟು ಬಿಸಿ. ಟ್ಯಾಂಕು ಖಾಲಿಯಾದದ್ದು ಗೊತ್ತಾಗದೆ ಪಂಪು ಒಣಗಿ ಓಡಿದರೆ ಸೀಲು ಉಜ್ಜಿ ಸುಡುತ್ತದೆ. ಕಪ್ಲಿಂಗಿನ ಮೇಲಿನ ಗಾರ್ಡು ಸಡಿಲಾಗಿ ತಾಗಿದರೆ ಅಲ್ಲೊಂದು ಕಿಡಿ. ಇದೆಲ್ಲ ಸಾಲದು ಎಂದು ಎಣ್ಣೆಯೇ ಪೈಪಿನಲ್ಲಿ ಓಡುವಾಗ ತಾನೇ ವಿದ್ಯುತ್ತು ಹುಟ್ಟಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಟೆರಿಲಿನ್ ಅಂಗಿ ಕಳಚುವಾಗ ಚಟಚಟ ಎನ್ನುತ್ತದಲ್ಲ, ಅದೇ. ಅದಕ್ಕೇ ಖಾಲಿ ಟ್ಯಾಂಕಿಗೆ ತುಂಬಿಸುವಾಗ ಶುರುವಿಗೆ ಸೆಕೆಂಡಿಗೆ ಒಂದು ಮೀಟರಿಗಿಂತ ಜೋರಾಗಿ ಹರಿಸಬಾರದು, ಪೈಪಿನ ಬಾಯಿ ಎಣ್ಣೆಯಲ್ಲಿ ಮುಳುಗಿದ ಮೇಲೆಯೇ ವೇಗ ಹೆಚ್ಚಿಸಬೇಕು ಎಂಬ ಕ್ರಮ ಇದೆ. ಪೈಪು, ಪಂಪು, ಟ್ಯಾಂಕರು ಎಲ್ಲಕ್ಕೂ ಅರ್ಥಿಂಗ್ ತಂತಿ ಕಟ್ಟಿರಲೇಬೇಕು.

ಇದೆಲ್ಲ ಯಾರು ಯಾವಾಗ ಕಂಡುಕೊಂಡರು? ಇದರ ಚರಿತ್ರೆ ಗೋವಾದಿಂದ ಬಹಳ ದೂರ, ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಶುರುವಾಗುತ್ತದೆ. ಸ್ವಾರಸ್ಯ ಏನೆಂದರೆ, ಸ್ಫೋಟಕ ಗಾಳಿ ಇರುವ ಜಾಗದ ಕೆಲಸಕ್ಕೆ ಮನುಷ್ಯ ಇಟ್ಟ ಮೊದಲ ದೊಡ್ಡ ಯಂತ್ರವೇ ಪಂಪು. 1712ರಲ್ಲಿ ಥಾಮಸ್ ನ್ಯೂಕಮೆನ್ ಕಟ್ಟಿದ ಉಗಿಯಂತ್ರ ಗಣಿಯ ನೀರು ಎತ್ತಲಿಕ್ಕೆ ಹುಟ್ಟಿದ್ದು. ಆಗ ಅಪಾಯ ಕಡಿಮೆ ಇತ್ತು. ಬೆಂಕಿಯೂ ಬಾಯ್ಲರೂ ಮೇಲೆ ನೆಲದಲ್ಲಿ, ಗಣಿಯೊಳಗೆ ಇಳಿಯುತ್ತಿದ್ದದ್ದು ಉದ್ದನೆಯ ಒಂದು ದಂಡ ಮಾತ್ರ. ಒಳಗಿನ ಅಪಾಯ ಕಾರ್ಮಿಕರ ಕೈಯ ದೀಪದ್ದು. 1812ರ ಮೇ 25ರಂದು ಫೆಲಿಂಗ್ ಗಣಿಯಲ್ಲಿ ಮೀಥೇನ್ ಅನಿಲ ಹತ್ತಿ 92 ಜನ ಸತ್ತರು, ಅವರಲ್ಲಿ ಎಷ್ಟೋ ಮಂದಿ ಸಣ್ಣ ಹುಡುಗರು. ಅದಾದ ಮೂರು ವರ್ಷದಲ್ಲಿ ಹಂಫ್ರಿ ಡೇವಿ ತನ್ನ ದೀಪ ಮಾಡಿದ. ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿ ಬಲೆ. ಅನಿಲ ಬಲೆಯೊಳಗೆ ನುಗ್ಗಿ ಉರಿಯಬಹುದು, ಆದರೆ ಆ ಜ್ವಾಲೆ ಬಲೆಯ ಕಣ್ಣಿನಿಂದ ಹೊರಗೆ ಬರುವಷ್ಟರಲ್ಲಿ ಲೋಹಕ್ಕೆ ಶಾಖ ಕೊಟ್ಟು ತಣ್ಣಗಾಗುತ್ತದೆ.

ಈ ಒಂದು ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ವಿದ್ಯುತ್ ಮೋಟಾರು ಬಂತು. ಮೇಲೆ ಇದ್ದ ಬೆಂಕಿ ತಂತಿಯ ಮೂಲಕ ಕೆಳಗೆ ಇಳಿಯಿತು. ಪಂಪಿನ ಪಕ್ಕದಲ್ಲೇ ಕಿಡಿ ಕೂತಿತು. ಜರ್ಮನಿಯ ಗಣಿ ಎಂಜಿನಿಯರ್ ಕಾರ್ಲ್ ಬೇಲಿಂಗ್ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಮೋಟಾರುಗಳನ್ನು ಅನಿಲ ತುಂಬಿದ ಪೆಟ್ಟಿಗೆಯಲ್ಲಿಟ್ಟು ಬೇಕೆಂದೇ ಸ್ಫೋಟಿಸಿ ನೋಡಿದರು. ಗಾಳಿ ಹೊಗದ ಹಾಗೆ ಮೋಟಾರು ಮುಚ್ಚುವುದು ಆಗದ ಕೆಲಸ, ಅದು ಬಿಸಿಯಾಗಿ ತಣ್ಣಗಾಗುವಾಗ ಉಸಿರಾಡುತ್ತದೆ. ಹಾಗಾದರೆ ಆವಿ ಒಳಗೆ ಬರಲಿ, ಒಳಗೆ ಸ್ಫೋಟವೂ ಆಗಲಿ, ಆದರೆ ಪೆಟ್ಟಿಗೆ ಒಡೆಯಬಾರದು, ಮುಚ್ಚಳದ ಸಂದಿನಿಂದ ಬರುವ ಜ್ವಾಲೆ ಹೊರಗೆ ತಲುಪುವ ಮೊದಲೇ ತಣಿದಿರಬೇಕು. ಡೇವಿಯ ಬಲೆಯ ತತ್ವವೇ, ಬಲೆಯ ಬದಲು ಎರಡು ಲೋಹದ ಮುಖಗಳ ನಡುವಿನ ಕೂದಲೆಳೆಯಷ್ಟು ಸಂದು. ಫ್ಲೇಮ್‌ಪ್ರೂಫ್ ಎಂದು ಇವತ್ತು ನಾವು ಕರೆಯುವ ಮೋಟಾರು ಹುಟ್ಟಿದ್ದು ಹೀಗೆ. 'ಪ್ರೂಫ್' ಎಂದು ಕೇಳಿ ಒಳಗೆ ಏನೂ ಹೋಗುವುದಿಲ್ಲ ಎಂದು ತಿಳಿದವರೇ ಹೆಚ್ಚು. ಪ್ಲಾಂಟಲ್ಲಿ ಇಪ್ಪತ್ತು ವರ್ಷ ಇದ್ದವರೂ ಹಾಗೆ ತಿಳಿದದ್ದನ್ನು ನಾನು ಕೇಳಿದ್ದೇನೆ.

1913ರ ಅಕ್ಟೋಬರ್ 14ರಂದು ವೇಲ್ಸಿನ ಸೆಂಗೆನಿತ್ ಗಣಿಯಲ್ಲಿ 439 ಕಾರ್ಮಿಕರು ಸತ್ತರು. ಒಳಗೆ ಸಂದೇಶ ಕಳಿಸುವ ಸಣ್ಣ ವಿದ್ಯುತ್ ಗಂಟೆಯ ಕಿಡಿಯ ಮೇಲೆ ಅನುಮಾನ ಬಂತು. ಬ್ಯಾಟರಿಯಲ್ಲಿ ನಡೆಯುವ, ಯಾರೂ ಅಪಾಯ ಎಂದು ಎಣಿಸದ ಗಂಟೆ. ಅಲ್ಲಿಂದ ಇನ್ನೊಂದು ದಾರಿ ತೆರೆಯಿತು: ಕಿಡಿ ಹಾರಿದರೂ ಆವಿಗೆ ಬೆಂಕಿ ಹಚ್ಚುವಷ್ಟು ಶಕ್ತಿಯೇ ಇಲ್ಲದ ಹಾಗೆ ಕರೆಂಟನ್ನು ಕಡಿಮೆ ಇಡುವುದು. ಇವತ್ತಿನ ಮೀಟರು, ಸೆನ್ಸರುಗಳು ಈ ಸಾಲಿನವು.

ನಮ್ಮ ದೇಶಕ್ಕೆ ಬಂದರೆ, ಸ್ಫೋಟಕಗಳ ಇಲಾಖೆಯ ಮೂಲ 1898. ಈಗ ಅದರ ಹೆಸರು ಪೆಸೋ, ಮುಖ್ಯ ಕಚೇರಿ ನಾಗಪುರ. ಪೆಟ್ರೋಲಿಯಂ ಕಾಯ್ದೆ 1934ರದು. ಅದರ ನಿಯಮಗಳನ್ನು 1937ರಲ್ಲಿ, ಮತ್ತೆ 1976ರಲ್ಲಿ, ಮತ್ತೆ 2002ರಲ್ಲಿ ಬರೆದರು. ಅದರ ಪ್ರಕಾರ 23 ಡಿಗ್ರಿ ಸೆಲ್ಸಿಯಸಿಗಿಂತ ಕೆಳಗೇ ಬೆಂಕಿ ಹತ್ತುವ ಆವಿ ಕೊಡುವ ಎಣ್ಣೆ 'ಎ' ವರ್ಗ. ಪೆಟ್ರೋಲೂ ನಾಫ್ತಾವೂ ಅದರಲ್ಲಿ ಬರುತ್ತವೆ. ಜಾಗವನ್ನೂ ಮೂರು ವಲಯ ಮಾಡಿದ್ದಾರೆ. ಟ್ಯಾಂಕಿನ ಒಳಗಿನ ಹಾಗೆ ಯಾವಾಗಲೂ ಆವಿ ಇರುವ ಜಾಗ ಸೊನ್ನೆ ವಲಯ. ಕೆಲಸದ ವೇಳೆ ಆವಿ ಬರಬಹುದಾದ ಜಾಗ ಒಂದನೇ ವಲಯ. ಏನಾದರೂ ಕೆಟ್ಟರೆ ಮಾತ್ರ ಬರಬಹುದಾದದ್ದು ಎರಡನೇ ವಲಯ. ಯಾವ ವಲಯದಲ್ಲಿ ಯಾವ ಮೋಟಾರು ಎಂಬುದಕ್ಕೆ ಭಾರತೀಯ ಮಾನಕಗಳಿವೆ. ಮೋಟಾರನ್ನು ಪರೀಕ್ಷಿಸುವ ದೊಡ್ಡ ಕೇಂದ್ರ ಧನಬಾದ್‌ನಲ್ಲಿ, 1956ರಲ್ಲಿ ಗಣಿ ಸಂಶೋಧನೆಗೆಂದು ಶುರುವಾದ ಸಂಸ್ಥೆ. ಎಣ್ಣೆಯ ಮೋಟಾರಿಗೆ ಕಲ್ಲಿದ್ದಲಿನ ಊರಲ್ಲಿ ಪರೀಕ್ಷೆ ಯಾಕೆ ಎಂದು ಕೇಳಿದರೆ ಉತ್ತರ ಮೇಲೆ ಹೇಳಿದ ಚರಿತ್ರೆಯಲ್ಲೇ ಇದೆ.

ಗೋವಾಕ್ಕೆ ಈ ಕಾನೂನುಗಳು ತಡವಾಗಿ ಬಂದವು. 1961ರ ಡಿಸೆಂಬರ್ 19ರ ತನಕ ಅಲ್ಲಿ ಪೋರ್ಚುಗೀಸರ ಆಡಳಿತ. ಮರ್ಮಗೋವಾದ ಬಂದರು, ರೈಲು ಹತ್ತೊಂಬತ್ತನೇ ಶತಮಾನದ ಎಂಬತ್ತರ ದಶಕದವು, ಆದರೆ ಅವುಗಳ ಕೆಲಸ ಬಹುಪಾಲು ಸರಕು, ಆಮೇಲೆ ಅದಿರು. 1962, 63ರ ರೆಗ್ಯುಲೇಷನ್‌ಗಳ ಮೂಲಕ ಭಾರತದ ಕಾಯ್ದೆಗಳು ಒಂದೊಂದಾಗಿ ಅಲ್ಲಿಗೆ ವಿಸ್ತರಿಸಿದವು. ಮರ್ಮಗೋವಾ ಪ್ರಧಾನ ಬಂದರು ಆಯಿತು. 1973ರಲ್ಲಿ ವಾಸ್ಕೋ ಬಳಿಯ ಸಾಂಕೋಲೆಯ ಗುಡ್ಡದ ಮೇಲೆ ಜುವಾರಿ ರಸಗೊಬ್ಬರ ಕಾರ್ಖಾನೆ ಓಡತೊಡಗಿತು. ಅದರ ಕಚ್ಚಾವಸ್ತು ನಾಫ್ತಾ. ಬಂದರಿನಲ್ಲಿ ಇಳಿಸಿ, ಟ್ಯಾಂಕಿಗೆ ಏರಿಸಿ, ಊರು ದಾಟಿಸಿ ಗುಡ್ಡಕ್ಕೆ ಪಂಪು ಮಾಡಬೇಕು. ಗೋವಾದವರು ಅದಿರಿನ ಧೂಳು ಕಂಡಿದ್ದರು, ಇದು ಹೊಸದು.

ಮೂರು ವರ್ಷ ಕಳೆದು, 1976ರಲ್ಲಿ, ನಮ್ಮ ಪಣಂಬೂರಿನಲ್ಲಿ ಎಂಸಿಎಫ್ ಶುರುವಾಯಿತು. ಅದೂ ಯೂರಿಯಾ, ಅದೂ ನಾಫ್ತಾ, ಅದೂ ಹೊಸ ಬಂದರಿನ ಪಕ್ಕ. ನವಮಂಗಳೂರು ಬಂದರನ್ನು ಇಂದಿರಾ ಗಾಂಧಿ ಉದ್ಘಾಟಿಸಿದ್ದು 1975ರ ಜನವರಿಯಲ್ಲಿ. ನಾಫ್ತಾದಿಂದ ಯೂರಿಯಾ ಮಾಡುವಾಗ ನಡುವೆ ಜಲಜನಕ ಬರುತ್ತದೆ, ಅದಕ್ಕೆ ಕಿಡಿ ಹತ್ತಿಸಲು ನಾಫ್ತಾಕ್ಕಿಂತಲೂ ಕಡಿಮೆ ಶಕ್ತಿ ಸಾಕು. ಹಾಗಾಗಿ ಒಂದೇ ಕಾಂಪೌಂಡಿನಲ್ಲಿ ಈ ಕಡೆಯ ಪಂಪಿಗೆ ಆಗುವ ಮೋಟಾರು ಆ ಕಡೆಯ ಯಂತ್ರಕ್ಕೆ ಆಗುವುದಿಲ್ಲ. ಫಿಟ್ಟರ್‌ಗಳಿಗೆ ಇದು ಗೊತ್ತಿರಬೇಕು. ಗೋವಾದಲ್ಲಿ ಕೆಲಸ ಕಲಿತವರು ಮಂಗಳೂರಿಗೂ, ಮಂಗಳೂರಲ್ಲಿ ಕಲಿತವರು ಗಲ್ಫಿಗೂ ಹೋದರು ಎಂದು ಮಾಮ ಹೇಳುತ್ತಿದ್ದದ್ದು ಈ ಹಿನ್ನೆಲೆಯಲ್ಲಿ. ಮುಂದೆ 2015ರ ಹೊತ್ತಿಗೆ ಎಂಸಿಎಫ್ ಕೂಡ ಜುವಾರಿಯ ಬಳಗಕ್ಕೇ ಸೇರಿತು. ಗ್ಯಾಸ್ ಪೈಪ್‌ಲೈನ್ ಬಂದ ಮೇಲೆ ಎರಡೂ ಕಡೆ ನಾಫ್ತಾದ ಕಾಲ ಮುಗಿಯುತ್ತಾ ಬಂತು. ಕೊಚ್ಚಿ–ಮಂಗಳೂರು ಪೈಪ್‌ಲೈನ್ ಲೋಕಾರ್ಪಣೆಯಾದದ್ದು 2021ರ ಜನವರಿ 5ರಂದು.

ವಾಸ್ಕೋದಲ್ಲಿ ಈ ಕೆಲಸ ಊರಿನ ಎದೆಯ ಮೇಲೆಯೇ ನಡೆಯಿತು. ಬೈನಾ, ಮಾಂಗೋರ್, ಜುವಾರಿನಗರ ಇಲ್ಲೆಲ್ಲ ನೀವು ಕನ್ನಡ ಕೇಳಬಹುದು. ಉತ್ತರ ಕರ್ನಾಟಕದಿಂದ ಕೂಲಿಗೆ ಬಂದು ನೆಲೆಸಿದವರೇ ಬಹಳ, ಜುವಾರಿನಗರವನ್ನು ಅವರು 'ಬಿರ್ಲಾ' ಎಂದೇ ಕರೆಯುತ್ತಾರೆ. 2011ರಲ್ಲಿ ವಾಸ್ಕೋದಲ್ಲಿ ಪೈಪಿನಿಂದ ನಾಫ್ತಾ ಸೋರಿ ಜನ ಬೆಚ್ಚಿಬಿದ್ದರು. 2018ರ ಜನವರಿ 19ರ ನಸುಕಿನಲ್ಲಿ ಚಿಕಾಲಿಮ್ ಬಳಿ ಅಮೋನಿಯ ಟ್ಯಾಂಕರ್ ಮಗುಚಿ ಸುತ್ತಲಿನ ಮನೆಯವರನ್ನು ನಿದ್ದೆಯಿಂದ ಎಬ್ಬಿಸಿ ಸಾಗಿಸಬೇಕಾಯಿತು. ನಮ್ಮ ಕಡೆಯವರಿಗೆ ಈ ಭಯ ಹೇಳಿ ತಿಳಿಸಬೇಕಾಗಿಲ್ಲ. 2012ರ ಆಗಸ್ಟಿನಲ್ಲಿ ಕಣ್ಣೂರಿನ ಚಾಲದಲ್ಲಿ 20 ಜನರನ್ನು ಸುಟ್ಟ ಗ್ಯಾಸ್ ಟ್ಯಾಂಕರು ಹೊರಟದ್ದು ಮಂಗಳೂರಿನಿಂದ. ಮರುವರ್ಷ ಏಪ್ರಿಲ್ 9ರಂದು ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಆದದ್ದು ನಮ್ಮ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಮಾತಿಗೆ ಬರುತ್ತದೆ.

ಭೋಪಾಲದ ನಂತರ ಕಾನೂನು ಬಿಗಿಯಾಯಿತು. 1986ರಲ್ಲಿ ತೈಲೋದ್ಯಮದ ಸುರಕ್ಷತೆಗೆಂದೇ ಓಐಎಸ್‌ಡಿ ಬಂತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಉದ್ಯಮಗಳ ಹೊಸ ಅಧ್ಯಾಯ ಸೇರಿತು. 1989ರ ನಿಯಮಗಳು ಕಾರ್ಖಾನೆಯ ಹೊರಗಿನ ಜನರಿಗೂ ತುರ್ತು ಯೋಜನೆ ಬೇಕು ಎಂದವು. ಯುರೋಪಿನಲ್ಲಿ 2003ರ ಜುಲೈ 1ರಿಂದ ಅಟೆಕ್ಸ್ ನಿಯಮ ಕಡ್ಡಾಯವಾಯಿತು. ಅದರ ದೊಡ್ಡ ಬದಲಾವಣೆ ಒಂದು: ಅಲ್ಲಿಯ ತನಕ ಎಲ್ಲರ ಕಣ್ಣು ಮೋಟಾರಿನ ಮೇಲೆ ಮಾತ್ರ ಇತ್ತು. ಕರೆಂಟಿಲ್ಲದ ಪಂಪಿನ ಭಾಗವೂ, ಅದರ ಬೇರಿಂಗು, ಸೀಲು, ಕಪ್ಲಿಂಗೂ ಬೆಂಕಿ ಹಚ್ಚಬಲ್ಲವು, ಅವಕ್ಕೂ ಲೆಕ್ಕ ಕೊಡಿ ಎಂದು ಅಟೆಕ್ಸ್ ಕೇಳಿತು. 2016ರಲ್ಲಿ ಇದು ಅಂತಾರಾಷ್ಟ್ರೀಯ ಮಾನಕವಾಗಿಯೂ ಬಂತು. ಫಿಟ್ಟರುಗಳಿಗೆ ಮೊದಲೇ ಗೊತ್ತಿದ್ದದ್ದನ್ನು ಕಾನೂನು ಆಮೇಲೆ ಕಲಿತದ್ದು ಎಂದು ನನಗೆ ಅನಿಸುತ್ತದೆ. ನಮ್ಮಲ್ಲಿ ಒತ್ತು ಬಹುಕಾಲ ವಿದ್ಯುತ್ ಉಪಕರಣದ ಮೇಲೆಯೇ ಉಳಿಯಿತು.

ಇಷ್ಟೆಲ್ಲ ನಿಯಮ ಇದ್ದೂ 2009ರ ಅಕ್ಟೋಬರ್ 29ರ ಸಂಜೆ ಜೈಪುರದಲ್ಲಿ ಏನಾಯಿತು ನೋಡಿ. ಇಂಡಿಯನ್ ಆಯಿಲ್ ಡಿಪೋದಲ್ಲಿ ಪಕ್ಕದ ಕಂಪೆನಿಗೆ ಪೆಟ್ರೋಲು ಕಳಿಸಲಿಕ್ಕೆ ಲೈನು ತಯಾರು ಮಾಡುತ್ತಿದ್ದರು. ವಾಲ್ವಿನ ಬಾಯಿಂದ ಪೆಟ್ರೋಲು ಕಾರಂಜಿಯ ಹಾಗೆ ಚಿಮ್ಮಿತು. ವಾಲ್ವು ತೆರೆಯುತ್ತಿದ್ದವನಿಗೆ ಆವಿ ಹತ್ತಿ ಉಸಿರು ಕಟ್ಟಿತು, ಸಹಾಯಕ್ಕೆ ಹೋದವನಿಗೂ ಹಾಗೇ ಆಯಿತು. ಆಮೇಲೆ ಅಲ್ಲಿ ಹೋಗಿ ಮುಚ್ಚುವವರು ಯಾರೂ ಉಳಿಯಲಿಲ್ಲ. ದೂರದಿಂದ ಮುಚ್ಚುವ ವ್ಯವಸ್ಥೆ ಕೆಲಸಕ್ಕೆ ಬರಲಿಲ್ಲ. ಸುಮಾರು ಒಂದೂಕಾಲು ಗಂಟೆ ಸಾವಿರ ಟನ್ನಿನಷ್ಟು ಪೆಟ್ರೋಲು ಸುರಿಯಿತು, ಆವಿ ಕಾಂಪೌಂಡಿನಲ್ಲೆಲ್ಲ ಹರಡಿತು. ಕಿಡಿ ಎಲ್ಲಿಂದ ಬಂತು? ತನಿಖೆ ಮಾಡಿದ ಎಂ.ಬಿ. ಲಾಲ್ ಸಮಿತಿ ಎರಡು ಸಾಧ್ಯತೆ ಹೇಳಿತು: ಆಡಳಿತ ಕಟ್ಟಡದ ಫ್ಲೇಮ್‌ಪ್ರೂಫ್ ಅಲ್ಲದ ವಿದ್ಯುತ್ ಉಪಕರಣ, ಇಲ್ಲವೇ ಯಾರೋ ಸ್ಟಾರ್ಟು ಮಾಡಿದ ವಾಹನ. 11 ಜನ ಸತ್ತರು. ಬೆಂಕಿ ತಾನಾಗಿ ಆರುವ ತನಕ ಹನ್ನೊಂದು ದಿನ ಉರಿಯಿತು.

ಪಂಪಿನ ಪಕ್ಕ ಫ್ಲೇಮ್‌ಪ್ರೂಫ್ ಬೇಕು, ಆಫೀಸಿನಲ್ಲಿ ಬೇಡ ಎಂದು ನಕ್ಷೆಯಲ್ಲಿ ಗೆರೆ ಎಳೆದಿರುತ್ತಾರೆ. ಆವಿ ನಕ್ಷೆ ಓದುವುದಿಲ್ಲ. ಆ ಗೆರೆ ನಿಜವಾಗಿ ಉಳಿಯುವುದು ಸೋರಿಕೆಯನ್ನು ನಿಮಿಷಗಳಲ್ಲಿ ನಿಲ್ಲಿಸುವ ಒಬ್ಬ ಮನುಷ್ಯ ಅಲ್ಲಿ ಇದ್ದರೆ ಮಾತ್ರ. ಇನ್ನೂರು ವರ್ಷದ ನಿಯಮಗಳೆಲ್ಲ ಕಿಡಿ ಎಲ್ಲಿಂದ ಬಂತು ಎಂದು ಕೇಳುತ್ತಾ ಬೆಳೆದವು. ಪಕ್ಕದಲ್ಲಿ ಯಾರಿದ್ದರು ಎಂಬ ಪ್ರಶ್ನೆ ಅವುಗಳಲ್ಲಿ ಕೊನೆಯ ಪುಟಗಳಿಗೆ ಬಿತ್ತು. ಈಗ ಮಾಮ ಆ ದಿನ ಯಾಕೆ ಸುಮ್ಮನಾದರು ಎಂದು ನನಗೆ ಅರ್ಥವಾಗುತ್ತದೆ. 'ನಳಿನಿ'ಯಲ್ಲಿ ಪ್ರಶ್ನೆಯೇ ಅದು. ಹಡಗಿನಲ್ಲಿ ಎಂಥ ಸರ್ಟಿಫಿಕೇಟಿನ ಪಂಪು ಇದ್ದರೂ ಅದಕ್ಕೆ ಕರೆಂಟು ಕೊಡುವ ಎಂಜಿನು ಇಲ್ಲ, ಆವಿ ಅಳೆದು ನೋಡುವವನಿಲ್ಲ, ಲಂಗರು ಸಡಿಲಾದರೆ ಕೂಗುವವನೂ ಇಲ್ಲ. ಎರಡು ಸಾವಿರ ಟನ್ ನಾಫ್ತಾಕ್ಕೆ ಒಬ್ಬ ಕಾವಲುಗಾರನೂ ಇರಲಿಲ್ಲ. ಒಂದು ತೆಂಗಿನ ತೋಟಕ್ಕೆ ನಾವು ಇದಕ್ಕಿಂತ ಹೆಚ್ಚು ಕಾವಲು ಇಡುತ್ತೇವೆ.

ವಾರಗಳ ನಂತರ ಆ ನಾಫ್ತಾವನ್ನು ಹೊರಗೆ ತೆಗೆದರು, ದೇವರ ದಯೆಯಿಂದ ಬೆಂಕಿ ಆಗಲಿಲ್ಲ. ಸತ್ತ ಹಡಗಿನಿಂದ ಇಂಥ ಎಣ್ಣೆ ತೆಗೆಯುವುದು ಹೇಗೆ ಎಂದು ಮಾಮನ ಹತ್ತಿರ ಕೇಳಿದ್ದೆ. ಸಾಮಾನ್ಯ ಕ್ರಮ ಅವರು ಹೇಳಿದರು. ಕರೆಂಟಿನ ಮೋಟಾರನ್ನು ಟ್ಯಾಂಕಿನ ಬಾಯಿಗೆ ತರುವುದಿಲ್ಲ. ಎಂಜಿನನ್ನು ದೂರ ಇಟ್ಟು, ಅಲ್ಲಿಂದ ಹೋಸಿನಲ್ಲಿ ಒತ್ತಡದ ಎಣ್ಣೆಯನ್ನೋ ಗಾಳಿಯನ್ನೋ ಕಳಿಸಿ, ಆ ಒತ್ತಡದಿಂದ ಕೆಳಗಿನ ಪಂಪು ತಿರುಗಿಸುತ್ತಾರೆ. ಖಾಲಿಯಾಗುವ ಜಾಗಕ್ಕೆ ಗಾಳಿ ನುಗ್ಗದ ಹಾಗೆ ಸಾರಜನಕ ತುಂಬಿಸುತ್ತಾರೆ. ಗಾಳಿ ಇಲ್ಲದಿದ್ದರೆ ಆವಿಗೆ ಉರಿಯಲಿಕ್ಕೆ ಆಗುವುದಿಲ್ಲ. ಕೇಳುವಾಗ ನನಗೆ ನ್ಯೂಕಮೆನ್ನನ ಪಂಪು ನೆನಪಾಯಿತು. ಬೆಂಕಿ ಮೇಲೆ, ಕೆಳಗೆ ಬರೀ ದಂಡ. ಮುನ್ನೂರು ವರ್ಷ ಸುತ್ತಿ ಮತ್ತೆ ಅಲ್ಲಿಗೇ ಬಂದರು.

ಈಗ ಬೋಲ್ಟಿನ ವಿಷಯ. ಫ್ಲೇಮ್‌ಪ್ರೂಫ್ ಪೆಟ್ಟಿಗೆಯ ಮುಚ್ಚಳಕ್ಕೆ ಸುತ್ತಲೂ ಬೋಲ್ಟುಗಳಿರುತ್ತವೆ. ಸಂದು ಕೂದಲೆಳೆಯಷ್ಟೇ ಉಳಿಯುವುದು ಎಲ್ಲ ಬೋಲ್ಟೂ ಬಿಗಿಯಾಗಿದ್ದಾಗ. ಒಂದು ಇಲ್ಲದಿದ್ದರೂ ಒಳಗಿನ ಸ್ಫೋಟಕ್ಕೆ ಮುಚ್ಚಳ ಅಲ್ಲಿ ಸ್ವಲ್ಪ ಎದ್ದುಕೊಳ್ಳುತ್ತದೆ, ಜ್ವಾಲೆ ಬಿಸಿಯಾಗಿಯೇ ಹೊರಗೆ ಬರುತ್ತದೆ. ಮುಖಕ್ಕೆ ಬಣ್ಣ ಬಳಿದರೂ, ಕಬ್ಬಿಣದ ಉಳಿ ಹಾಕಿ ಮೀಟಿ ಗೀರು ಮಾಡಿದರೂ, ಕೇಬಲ್ ಹೋಗುವ ಜಾಗಕ್ಕೆ ಸರಿಯಾದ ಗ್ಲ್ಯಾಂಡ್ ಬದಲು ಬಟ್ಟೆ ತುರುಕಿದರೂ ಅಷ್ಟೇ. ಧನಬಾದ್‌ನ ಸರ್ಟಿಫಿಕೇಟು ಆ ಕ್ಷಣಕ್ಕೆ ಬರೀ ಕಾಗದ.

ಒಂದು ಪ್ಲಾಂಟಿನಲ್ಲಿ, ಹೆಸರು ಬೇಡ, ಮಾಮ ರಾತ್ರಿ ಪಾಳಿಗೆ ಹೋದಾಗ ಪಂಪಿನ ಜಂಕ್ಷನ್ ಬಾಕ್ಸಿನ ಮೇಲೆ ಕೈ ಆಡಿಸಿದರು. ಹನ್ನೆರಡು ಇರಬೇಕಾದಲ್ಲಿ ಒಂಬತ್ತು ಬೋಲ್ಟು. ಹಗಲು ಗುತ್ತಿಗೆಯ ಹುಡುಗ ಕೇಬಲ್ ಬದಲಿಸಿ ಹೋಗಿದ್ದ. ಮೂರು ಬೋಲ್ಟಿನ ತಲೆ ಸವೆದಿತ್ತು, ಹಾಗೇ ಬಿಟ್ಟಿದ್ದ. ಮುಚ್ಚಳ ಗಟ್ಟಿಯಾಗಿಯೇ ಕೂತಿದೆಯಲ್ಲ ಎಂದು ಅವನ ಲೆಕ್ಕ. ಅವನದ್ದೂ ತಪ್ಪೆನ್ನಲಾಗದು, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಯ ಸ್ವಿಚ್‌ಬೋರ್ಡಿಗೆ ನಾಲ್ಕರ ಬದಲು ಎರಡು ಸ್ಕ್ರೂ ಹಾಕಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಮಾಮ ಪಂಪು ನಿಲ್ಲಿಸಿ ಎಂದರು. ಮೇಲಿನವರು ಬೆಳಿಗ್ಗೆ ನೋಡುವ ಎಂದರು. ಮಾಮ ಪರ್ಮಿಟ್ ಪುಸ್ತಕದಲ್ಲಿ ಸಹಿ ಹಾಕಲಿಲ್ಲ. ಸಹಿ ಇಲ್ಲದೆ ಪಾಳಿ ಬದಲಾಗುವುದಿಲ್ಲ. ಬೈದರು, ಕೊನೆಗೆ ಪಂಪು ನಿಂತಿತು, ಅರ್ಧ ದಿನದ ಕೆಲಸ ಹೋಯಿತು. ಮುಂದಿನ ತಿಂಗಳು ಮಾಮನ ಓವರ್‌ಟೈಮ್ ಕಡಿಮೆಯಾಯಿತು. ಇದನ್ನು ಅವರು ಮನೆಯಲ್ಲಿ ಹೇಳಿದ್ದು ಹದಿನೈದು ವರ್ಷ ಕಳೆದ ಮೇಲೆ. "ಆಗ ಹೇಳಿದ್ದರೆ ನಿನ್ನ ಮಾಮಿ ಮಾರನೇ ದಿನ ನನ್ನನ್ನು ಕೆಲಸಕ್ಕೆ ಕಳಿಸ್ತಿರಲಿಲ್ಲ" ಎಂದರು.

ಹೋದ ವರ್ಷ ನನ್ನ ತಂಗಿಯ ಮಗ ಡಿಪ್ಲೊಮಾ ಮುಗಿಸಿ ಜುಬೈಲಿಗೆ ಹೋದ. ಹೋದ ಮೊದಲ ವಾರವೇ ವಾಟ್ಸಾಪಿನಲ್ಲಿ ಒಂದು ಪಂಪಿನ ತಗಡಿನ ಫೋಟೋ, ಹೊರಗಿನ ವರ್ಕ್‌ಶಾಪಿನಲ್ಲಿ ತೆಗೆದದ್ದು. ಷಟ್ಕೋನದ ಒಳಗೆ ಎರಡು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಮತ್ತೆ ಕೆಲವು ಅಕ್ಷರ, ಅಂಕೆ. ಮಾಮ ಕನ್ನಡಕ ಹಾಕಿ ಒಂದೊಂದಾಗಿ ಓದಿ ನಮಗೆ ಹೇಳಿದರು. ಈ 'ಡಿ' ಎಂದರೆ ಫ್ಲೇಮ್‌ಪ್ರೂಫ್. 'ಎರಡು ಬಿ' ಎಂದರೆ ಯಾವ ಗುಂಪಿನ ಆವಿಗೆ ಎಂದು, ಜಲಜನಕ ಇರುವಲ್ಲಿ ಇದು ಆಗುವುದಿಲ್ಲ. 'ಟಿ ನಾಲ್ಕು' ಎಂದರೆ ಅದರ ಮೈ ಎಷ್ಟು ಬಿಸಿಯಾದರೂ 135 ಡಿಗ್ರಿ ದಾಟುವುದಿಲ್ಲ. ಉಮ್ಮ ಪಕ್ಕದಲ್ಲಿ ಕೂತು ಕೇಳುತ್ತಿದ್ದರು. ಹುಡುಗ "ಹೊಸ ಪಂಪು ಮಾಮ, ಒಳ್ಳೆ ಕಂಪೆನಿಯದ್ದು" ಎಂದು ವಾಯ್ಸ್ ಮೆಸೇಜು ಹಾಕಿದ್ದ.

ಮಾಮ ಫೋನನ್ನು ಬಾಯಿಯ ಹತ್ತಿರ ಹಿಡಿದು ಉತ್ತರ ಕೊಟ್ಟರು: "ತಗಡು ಓದಿದೆ ಮಗಾ. ಬೋಲ್ಟು ಎಣಿಸಿದಿಯಾ?"